ಪರದೆ ಹೊತ್ತು ತಿಳಮಾತಿಗೆ

ಒಂಬತ್ತಡಿ ಸಮುದ್ರ ಓಮ್ನಿಯೊಳಗೆ ಹಿಡಿಸಲಿಲ್ಲ.
ಸುರುಳಿ ಸುತ್ತಿ, ಹಿಂಬಾಗಿಲಿಂದ ಎರಡಡಿ ಹೊರಗೆ ಬಿಟ್ಟು
ತುದಿಗೆ ಕೆಂಪು ವಸ್ತ್ರ ಕಟ್ಟಿದ ರೇವಣಕರ,
ಹಿಂದಿನ ಲಾರಿಯವನಿಗೆ ಕಾಣಲಿ ಎಂದು.
ಶಿರಸಿಯ ನಮ್ಮ ಸ್ಟುಡಿಯೋಕ್ಕೆ ಬೀಗ ಬಿದ್ದು ವಾರ.
ಕ್ಯಾಮರಾ ಕೊಂಡವನೂ ಪರದೆ ಬೇಡವೆಂದಿದ್ದ.

ದೇವಿಮನೆ ಘಟ್ಟದಲ್ಲಿ ಪ್ರತಿ ತಿರುವಿಗೂ
ದಡಬಡ ಹೊರಳಿತು ಅದು ನಮ್ಮ ಬೆನ್ನ ಹಿಂದೆ.
ಕುಮಟೆ ದಾಟುವವರೆಗೂ ಇಬ್ಬರೂ ಮಾತಾಡಲಿಲ್ಲ.

ಬರೆದವನು ದೇವಿದಾಸ ಮೇಸ್ತ.
ಎಂಬತ್ತರಲ್ಲೋ, ಎಂಬತ್ತೊಂದರಲ್ಲೋ.
ಊಟ, ಚಾ, ನೂರಿಪ್ಪತ್ತು ರೂಪಾಯಿ.
ಮರಳು ಎಲ್ಲಾದರೂ ಕಪ್ಪಗಿರ್ತದೇನೋ, ಬಿಳಿ ಹೊಡಿ ಎಂದರೆ
‘ತಿಳಮಾತಿಗೆ ಹೋಗಿ ನೋಡಿ ಬನ್ನಿ,
ಆಮೇಲೆ ಹೊಡೀತೇನೆ.’
ನಾವು ಹೋಗಲಿಲ್ಲ. ಅವನು ಹೊಡೆಯಲಿಲ್ಲ.

ಕಾಳಿ ಸೇತುವೆ, ಸದಾಶಿವಗಡ, ಮಾಜಾಳಿ.
ರಸ್ತೆ ಮುಗಿದಲ್ಲಿ ಕಾರು ನಿಲ್ಲಿಸಿ
ಮುಂದೆ ಅವನ ಹೆಗಲು, ಹಿಂದೆ ನನ್ನದು,
ಗುಡ್ಡ ಹತ್ತಿದೆವು.
ಎದುರು ಬಂದ ಹುಡುಗ ದಾರಿ ಬಿಟ್ಟು ಬದಿಗೆ ನಿಂತು
ಚಪ್ಪಲಿ ಕಳಚಿದ.
ರೇವಣಕರ ನಕ್ಕು ಏದುಸಿರು ಬಿಟ್ಟ:
‘ಎಳ್ಳುನೀರು ಬಿಡೂದೇ ಆದರೆ ಇಲ್ಲೇ ಬಿಡಬೇಕು ನೋಡು,
ಎಳ್ಳೂ ಇದೆ, ನೀರೂ ಇದೆ.’

ಇತ್ತು.
ಆಚೆ ಬಿಳಿ, ಈಚೆ ಬಿಳಿ, ನಡುವೆ ಒಂದು ತುಂಡು ದಂಡೆ
ಅಪ್ಪಟ ಎಳ್ಳು. ಬೊಗಸೆಗೆ ತುಂಬಿದರೆ
ಗಾಣಕ್ಕೆ ಕೊಡಬಹುದು ಅನ್ನಿಸುವಷ್ಟು.
ಹಿಂದೆ ಕಪ್ಪು ಬಂಡೆ, ತನ್ನನ್ನೇ ತಾನು ಉದುರಿಸಿಕೊಳ್ಳುತ್ತ.
ಮೇಸ್ತ ಕಪ್ಪು ಕಡಿಮೆಯೇ ಹಾಕಿದ್ದ.

ಪರದೆ ಬಿಚ್ಚಿ ಬಂಡೆಗೆ ಆನಿಸಿದೆವು.
ಗಾಳಿಗೆ ಬಣ್ಣದ ಅಲೆ ಮೊದಲ ಸಲ ಅಲುಗಿತು.
ಕೂತವರ ತಲೆಯೆತ್ತರಕ್ಕೆ, ನೀರಿನ ಮೇಲೆ
ಜಿಡ್ಡಿನ ಒಂದು ಪಟ್ಟೆ:
ಮದುಮಕ್ಕಳು, ಎಸ್ಸೆಸ್ಸೆಲ್ಸಿ ಪಾಸಾದವರು,
ಪಾಸ್‌ಪೋರ್ಟಿಗೆಂದು ಬಂದು
ಆಸೆಗೆ ಇನ್ನೊಂದು ತೆಗೆಸಿಕೊಂಡವರು,
ಎಲ್ಲರ ಕೊಬ್ಬರಿ ಎಣ್ಣೆ.
ಎದುರಿನ ಸಮುದ್ರಕ್ಕೆ ಆ ಕಲೆ ಇಲ್ಲ. ಯಾಕೋ
ಅದು ಇನ್ನೂ ಯಾರಿಗೂ ಬೆನ್ನು ಕೊಡದ್ದರಂತೆ ಕಂಡಿತು.

ಬಂಡೆಯಿಂದ ಚಿಪ್ಪಿ ಎಬ್ಬಿಸುತ್ತಿದ್ದ ಹೆಂಗಸು
ಬುಟ್ಟಿ ಸೊಂಟಕ್ಕಿಟ್ಟು ಬಂದಳು. ಹೆಸರು ಗುಲಾಬಿ.
ಬಹಳ ಹೊತ್ತು ನೋಡಿ, ‘ಯಾರು ಬರೆದದ್ದು?
ಇಲ್ಲಿಯವನೇ ಇರಬೇಕು’ ಎಂದಳು.
ಮೂಲೆಯ ಹಳದಿ ದುಂಡು ತೋರಿಸಿ ನಾನು,
ಹುಟ್ಟುವ ಸೂರ್ಯ, ಮದುಮಕ್ಕಳಿಗೆ ಶುಭ ಅಂತ...
‘ಪಡುವಣ ಕಡಲಲ್ಲಿ ಸೂರ್ಯ ಹುಟ್ತದಾ ಮಾರಾಯ?’
ಹಾಗಾದರೆ ಮುಳುಗುವ ಸೂರ್ಯ.
‘ಅದೂ ಅಲ್ಲ. ಆಕಾಶ ನೋಡು, ಎಷ್ಟು ನೀಲಿ.
ಇದು ಚಂದ್ರ. ಹುಣ್ಣಿಮೆ ಕಳೆದ ಬೆಳಗಿನ ಜಾವ
ಮುಳುಗ್ತಾ ಇದೆ. ನೀರು ತಳಕ್ಕೆ ಇಳಿದಿದೆ.
ನಾವು ಚಿಪ್ಪಿಗೆ ಬರೂದು ಆ ಹೊತ್ತಿಗೇ.’

ಮತ್ತೆ, ಪರದೆಯ ಬಲಗಡೆ ಬುಡದಲ್ಲಿ
ನಾವು ಸದಾ ಕಲ್ಲು ಅಂದುಕೊಂಡದ್ದರ ಮೇಲೆ ಬೆರಳಿಟ್ಟು,
‘ಇಗೋ, ಬಗ್ಗಿದಾಳಲ್ಲ ಇವಳು.’

ನಲವತ್ತು ವರ್ಷ
ಆ ಜಾಗಕ್ಕೆ ಅಡ್ಡ ನಾವು
ಪ್ಲಾಸ್ಟಿಕ್ ಹೂವಿನ ಸ್ಟೂಲು ಇಡುತ್ತಿದ್ದೆವು.
ಕಲ್ಲು ಚೆಂದ ಕಾಣುವುದಿಲ್ಲ ಎಂದು.

ಮೇಸ್ತನ ತಾಯಿ ಏನು ಮಾಡುತ್ತಿದ್ದಳು,
ಯಾವ ಊರವಳು, ನಾವು ಕೇಳಿರಲಿಲ್ಲ.
ಚಾ ಬೇಕೇನೋ ಎಂದು ಮಾತ್ರ ಕೇಳುತ್ತಿದ್ದೆವು.

ನೀರು ಏರತೊಡಗಿತು. ಗುಲಾಬಿ ಬುಟ್ಟಿ ಎತ್ತಿಕೊಂಡಳು.
ಪರದೆಯ ಅಂಚು ಒದ್ದೆಯಾಗುವ ಮೊದಲೇ
ರೇವಣಕರ ಸುತ್ತಲು ಶುರು ಮಾಡಿದ,
ನಾನೇನೂ ಹೇಳಿರಲಿಲ್ಲ.
ಬರುವಾಗಿಗಿಂತ ಭಾರವಿತ್ತು. ಮರಳು ಹೊಕ್ಕಿತ್ತೋ ಏನೋ.

ಅಂಕೋಲೆಯಲ್ಲಿ ಚಾ ಕುಡಿಯುವಾಗ ಕೇಳಿದ:
‘ಆ ಸ್ಟೂಲು ಏನಾಯ್ತು?’
ಗುಜರಿಗೆ ಹಾಕಿದೆ. ಎಲ್ಲಕ್ಕೂ ಮೊದಲು ಅದನ್ನೇ.
‘ಒಳ್ಳೇದಾಯ್ತು’ ಎಂದು
ಎದ್ದು ಹೋಗಿ, ಸಡಿಲಾಗಿದ್ದ ಕೆಂಪು ವಸ್ತ್ರವನ್ನು
ಮತ್ತೊಮ್ಮೆ ಬಿಗಿದ.